ಮಗುವನ್ನು ಬಿಡುವ ಮುನ್ನ ನಿನ್ನೆಯ ದಿನವನ್ನು ಕೇಳಿ

ಹೆರಿಗೆ ರಜೆ ಮುಗಿಯಲು ಇನ್ನು ಹದಿನೈದು ದಿನವಿದೆ ಎನ್ನುವಾಗ ಕೆಲಸಕ್ಕೆ ಹೋಗುವ ತಾಯಿಯ ಮನೆಯಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಅತ್ತೆಗೆ ಮಂಡಿ ನೋವು, ಅಮ್ಮ ಊರಿನಲ್ಲಿ, ಕೆಲಸದವಳನ್ನು ನಂಬಿ ಮನೆ ಬಿಡುವ ಧೈರ್ಯವಿಲ್ಲ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಕೊಟ್ಟಿತು. ಅದರಲ್ಲಿ ಎಂಟು ವಾರಗಳವರೆಗೆ ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಬಹುದು. ಹಾಗೆ ತೆಗೆದುಕೊಂಡವರ ಮಗುವಿಗೆ, ತಾಯಿ ಕೆಲಸಕ್ಕೆ ಮರಳುವ ದಿನ ನಾಲ್ಕು ತಿಂಗಳು ತುಂಬಿರುತ್ತದೆ, ಅಷ್ಟೆ. ಆರು ತಿಂಗಳವರೆಗೆ ಎದೆಹಾಲು ಮಾತ್ರ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು ಎಂದು ಅದೇ ತಿದ್ದುಪಡಿ ಹೇಳಿತು. ಆದರೆ ಹತ್ತು ಹದಿನೈದು ಜನರ ಕಚೇರಿ, ಬಟ್ಟೆ ಅಂಗಡಿ, ಸಣ್ಣ ಖಾಸಗಿ ಶಾಲೆ, ಕ್ಲಿನಿಕ್ ಇವೆಲ್ಲ ಆ ಲೆಕ್ಕದ ಹೊರಗೆ ಉಳಿಯುತ್ತವೆ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಶುರುವಾಗುವುದು ಮೂರನೇ ವರ್ಷಕ್ಕೆ. ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರನ್ನು ಗಮನದಲ್ಲಿಟ್ಟುಕೊಂಡ ಯೋಜನೆ. ನಗರದ ಕಂದಮ್ಮನಿಗೆ ಉಳಿಯುವುದು ಮುಂದಿನ ಬೀದಿಯಲ್ಲಿ, ಅಥವಾ ಅದೇ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಯಾರೋ ಒಬ್ಬರು ನಡೆಸುವ ‘ಬೇಬಿ ಸಿಟ್ಟಿಂಗ್’.

ಈ ಬೇಬಿ ಸಿಟ್ಟಿಂಗ್ ಮನೆಯನ್ನು ಕೀಳಾಗಿ ಕಾಣಬೇಕಾಗಿಲ್ಲ. ಬಣ್ಣದ ಗೋಡೆ, ಪ್ಲಾಸ್ಟಿಕ್ ಜಾರುಬಂಡೆ ಇರುವ ದೊಡ್ಡ ಡೇ ಕೇರ್‌ಗಿಂತ ಅದು ಎಷ್ಟೋ ಮಕ್ಕಳಿಗೆ ಹಿತ. ಅಲ್ಲಿ ಒಂದೇ ಮುಖ, ಒಂದೇ ದನಿ, ಒಂದೇ ಮಡಿಲು ಇರುತ್ತದೆ. ಅನ್ನ ಬೇಯುವ ವಾಸನೆ ಬರುತ್ತದೆ. ಆಯಾಗಳು ತಿಂಗಳಿಗೊಮ್ಮೆ ಬದಲಾಗುವುದಿಲ್ಲ. ಆದರೆ ಅದರ ಬಲ ಎಲ್ಲಿದೆಯೋ ದೌರ್ಬಲ್ಯವೂ ಅಲ್ಲೇ ಇದೆ. ಎಲ್ಲವೂ ಒಬ್ಬರ ಮೇಲೆ ನಿಂತಿದೆ. ಆ ಒಬ್ಬರಿಗೆ ಜ್ವರ ಬಂದರೆ, ಸ್ನಾನಕ್ಕೆ ಹೋದರೆ, ಬಾಗಿಲಿಗೆ ಕೊರಿಯರ್ ಬಂದರೆ ಆ ಹೊತ್ತಿಗೆ ವ್ಯವಸ್ಥೆಯೇ ನಿಂತುಹೋಗುತ್ತದೆ. ಇಂಗ್ಲೆಂಡಿನಲ್ಲಿ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವರು ನೋಂದಾಯಿಸಿಕೊಳ್ಳಬೇಕು, ಆಫ್‌ಸ್ಟೆಡ್ ಎಂಬ ಸರ್ಕಾರಿ ಸಂಸ್ಥೆಯ ತಪಾಸಣೆಗೆ ಒಳಪಡಬೇಕು. ನಮ್ಮಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಶಿಶುಪಾಲನಾ ಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿ ಪ್ರಕಟಿಸಿತು. ಆದರೆ ಮಾರ್ಗಸೂಚಿಯ ಪ್ರತಿ ಹಿಡಿದು ಯಾರದೋ ಮನೆಯ ಹಾಲ್‌ಗೆ ಬಂದು ಮಕ್ಕಳ ತಲೆ ಎಣಿಸುವ ಅಧಿಕಾರಿಯನ್ನು ಬಡಾವಣೆಗಳಲ್ಲಿ ಕಾಣುವುದಿಲ್ಲ. ಆ ಕೆಲಸ ಅಪ್ಪ ಅಮ್ಮನ ಪಾಲಿಗೆ ಬಂದಿದೆ. ಅವರ ಕೈಯಲ್ಲಿರುವ ಸಾಧನ ಪ್ರಶ್ನೆ ಒಂದೇ.

ಪ್ರಶ್ನೆಗಳನ್ನೇನೋ ಎಲ್ಲರೂ ಕೇಳುತ್ತಾರೆ. ಎಷ್ಟು ತಗೋತೀರಿ, ಎಷ್ಟು ಗಂಟೆವರೆಗೆ ಇಟ್ಕೋತೀರಿ, ಚೆನ್ನಾಗಿ ನೋಡ್ಕೋತೀರಾ, ಹೊತ್ತಿಗೆ ಸರಿಯಾಗಿ ಊಟ ಕೊಡ್ತೀರಾ? ಮೊದಲೆರಡಕ್ಕೆ ಉತ್ತರ ಅಂಕಿಯಲ್ಲಿ ಬರುತ್ತದೆ, ಉಳಿದೆರಡಕ್ಕೆ ‘ಹೌದು’ ಎಂದು. ‘ಇಲ್ಲ, ಹೊತ್ತಿಗೆ ಸರಿಯಾಗಿ ಊಟ ಕೊಡುವುದಿಲ್ಲ’ ಎನ್ನುವವರು ಯಾರಿದ್ದಾರೆ? ಹೌದು ಎಂದಷ್ಟೇ ಉತ್ತರ ಬರಬಲ್ಲ ಪ್ರಶ್ನೆ ನಮಗೆ ಸಮಾಧಾನ ಕೊಡುತ್ತದೆ, ಮಾಹಿತಿ ಕೊಡುವುದಿಲ್ಲ. ಈ ಬರಹದ ವಾದ ಇಷ್ಟೇ: ಕೇಳಬೇಕಾದದ್ದು ನಡೆದುಹೋದ ದಿನದ ಬಗ್ಗೆ. ‘ಚೆನ್ನಾಗಿ ಊಟ ಕೊಡ್ತೀರಾ’ ಎನ್ನುವುದರ ಬದಲು ‘ನಿನ್ನೆ ಮಧ್ಯಾಹ್ನ ಮಕ್ಕಳು ಏನು ತಿಂದರು, ಯಾರು ತಿನ್ನಿಸಿದರು, ತಿನ್ನದೆ ಹಠ ಹಿಡಿದವರು ಯಾರು, ಅವರಿಗೆ ಏನು ಮಾಡಿದಿರಿ’ ಎಂದು ಕೇಳಿದರೆ ಉತ್ತರ ಒಂದು ಕಥೆಯಾಗಿ ಬರುತ್ತದೆ. ನಿಜವಾಗಿ ಮಕ್ಕಳೊಡನೆ ದಿನ ಕಳೆಯುವವರ ಬಾಯಲ್ಲಿ ವಿವರ ತಾನಾಗಿ ಹರಿಯುತ್ತದೆ: ಒಬ್ಬನಿಗೆ ಮೊಸರನ್ನವೇ ಬೇಕು, ಇನ್ನೊಬ್ಬಳು ಕಿಟಕಿಯ ಹತ್ತಿರ ನಿಂತರೆ ಮಾತ್ರ ಬಾಯಿ ಬಿಡುತ್ತಾಳೆ. ವಿವರವಿಲ್ಲದ ‘ಎಲ್ಲಾ ಚೆನ್ನಾಗಿ ತಿಂತಾರೆ’ ಎಂಬ ಮಾತು ಕೇಳಿಸಿದರೆ ಅಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕಿದೆ ಎಂದರ್ಥ.

ಮೊದಲ ವಿಷಯ ತಲೆ ಎಣಿಕೆ. ಒಬ್ಬರ ಎರಡು ಕೈಗೆ ಎಷ್ಟು ಮಕ್ಕಳು? 2018ರ ಮಾರ್ಗಸೂಚಿ ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ತರಬೇತಿ ಪಡೆದ ಕಾರ್ಯಕರ್ತೆ ಮತ್ತು ಒಬ್ಬ ಸಹಾಯಕಿ ಇರಬೇಕೆನ್ನುತ್ತದೆ. ಇದು ಆರು ತಿಂಗಳು ತುಂಬಿದ ಮಕ್ಕಳ ಕೇಂದ್ರಗಳಿಗೆ ಹಾಕಿಕೊಟ್ಟ ಕನಿಷ್ಠ ಗೆರೆ. ಇಂಗ್ಲೆಂಡಿನ ಮನೆ ಪಾಲಕಿಗೆ ಇರುವ ಸಾಮಾನ್ಯ ಮಿತಿ ಇನ್ನೂ ಬಿಗಿ: ಎಂಟು ವರ್ಷದೊಳಗಿನವರು ಒಟ್ಟು ಆರು, ಅವರಲ್ಲಿ ಐದರೊಳಗಿನ ಪುಟ್ಟವರು ಮೂರು, ಒಂದು ವರ್ಷ ತುಂಬದ ಕೂಸು ಒಂದೇ. ಆಕೆಯ ಸ್ವಂತ ಮಕ್ಕಳೂ ಆ ಲೆಕ್ಕದಲ್ಲಿ ಸೇರುತ್ತಾರೆ. ‘ಎಷ್ಟು ಮಕ್ಕಳಿದ್ದಾರೆ’ ಎಂದು ಕೇಳಿದರೆ ನಮ್ಮಲ್ಲಿ ಬರುವ ಉತ್ತರದಲ್ಲಿ ಆಕೆಯ ಮೊಮ್ಮಗ ಇರುವುದಿಲ್ಲ, ಮೂರು ಗಂಟೆಗೆ ಶಾಲೆ ಬಿಟ್ಟು ಬರುವ ಇಬ್ಬರು ಹುಡುಗರು ಇರುವುದಿಲ್ಲ, ಶನಿವಾರ ಮಾತ್ರ ಬರುವ ಮಗುವೂ ಇರುವುದಿಲ್ಲ. ಆದ್ದರಿಂದ ಪ್ರಶ್ನೆ ಗಂಟೆಯ ಲೆಕ್ಕದಲ್ಲಿರಲಿ: ‘ನಿನ್ನೆ ಬೆಳಿಗ್ಗೆ ಹತ್ತಕ್ಕೆ ಎಷ್ಟು ಜನ ಇದ್ದರು? ಸಂಜೆ ನಾಲ್ಕಕ್ಕೆ? ಅವರಲ್ಲಿ ನಡೆಯಲು ಬಾರದವರು ಎಷ್ಟು?’ ಬೆಂಕಿ ಹೊತ್ತಿಕೊಂಡರೆ ಎತ್ತಿಕೊಂಡೇ ಹೋಗಬೇಕಾದ ಮಕ್ಕಳು ಎಷ್ಟಿದ್ದಾರೆ ಎನ್ನುವುದೇ ಆ ಕೊನೆಯ ಪ್ರಶ್ನೆಯ ತಿರುಳು. ಒಬ್ಬರು ಒಮ್ಮೆಗೆ ಎತ್ತಬಲ್ಲದ್ದು ಇಬ್ಬರನ್ನು.

ಸಂಖ್ಯೆಗೆ ಇಷ್ಟು ಮಹತ್ವ ಕೊಡುವುದಕ್ಕೆ ಕಾರಣ ಬರೀ ಅಪಾಯದ ಭಯವಲ್ಲ. ಅಮೆರಿಕದ ರಾಷ್ಟ್ರೀಯ ಮಕ್ಕಳ ಆರೋಗ್ಯ ಮತ್ತು ಮಾನವ ಅಭಿವೃದ್ಧಿ ಸಂಸ್ಥೆ 1991ರಲ್ಲಿ ಹತ್ತು ಕಡೆಗಳಲ್ಲಿ ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಾಗಿನಿಂದ ಹಿಂಬಾಲಿಸುವ ದೊಡ್ಡ ಅಧ್ಯಯನ ಆರಂಭಿಸಿತು. ತಾಯಿ ಕೆಲಸಕ್ಕೆ ಹೋದ ಮಾತ್ರಕ್ಕೆ ಮಗು ಹಾಳಾಗುವುದಿಲ್ಲ, ಮಗುವಿನ ಬೆಳವಣಿಗೆಯಲ್ಲಿ ಮನೆಯವರ ಪಾತ್ರವೇ ದೊಡ್ಡದು ಎಂಬುದು ಅದರ ಮುಖ್ಯ ನಿರ್ಣಯ. ಅಪರಾಧಿ ಭಾವದಲ್ಲಿ ಬೇಯುವ ತಾಯಂದಿರಿಗೆ ಇದು ನೆಮ್ಮದಿಯ ಸುದ್ದಿ. ಅದೇ ಅಧ್ಯಯನ ಇನ್ನೊಂದನ್ನೂ ತೋರಿಸಿತು: ಗುಂಪು ಚಿಕ್ಕದಿದ್ದು, ಒಬ್ಬರ ಪಾಲಿಗೆ ಮಕ್ಕಳು ಕಡಿಮೆ ಇದ್ದ ಕಡೆ ನೋಡಿಕೊಳ್ಳುವವರು ಕೂಸಿನೊಡನೆ ಹೆಚ್ಚು ಮಾತಾಡುತ್ತಾರೆ, ಅದರ ಅಳು ನಗುವಿಗೆ ಬೇಗ ಓಗೊಡುತ್ತಾರೆ. ಹಾಗೆ ಓಗೊಟ್ಟ ಕಡೆ ಮಕ್ಕಳ ಭಾಷೆಯೂ ಚುರುಕಾಗಿರುತ್ತದೆ. ಇದರಲ್ಲಿ ಒಗಟೇನೂ ಇಲ್ಲ. ಒಂದು ಮಗುವಿಗೆ ಚಮಚದಲ್ಲಿ ರಾಗಿ ಸರಿ ತಿನ್ನಿಸಲು ಇಪ್ಪತ್ತು ನಿಮಿಷ ಬೇಕು. ಏಳು ಮಕ್ಕಳಿದ್ದರೆ ಅದೇ ಎರಡು ಗಂಟೆಗಿಂತ ಹೆಚ್ಚಾಯಿತು. ಆ ಹೊತ್ತಿನಲ್ಲಿ ಉಳಿದ ಆರು ಮಕ್ಕಳೊಡನೆ ಮಾತಾಡುವವರು ಯಾರು? ಟಿವಿ.

ಎರಡನೆಯ ವಿಷಯ, ಆಕೆ ಇಲ್ಲದ ಹೊತ್ತು. ಆಕೆಯ ಗುಣ, ಅನುಭವ, ಅಕ್ಕರೆ ಎಲ್ಲವನ್ನೂ ವಿಚಾರಿಸುವ ನಾವು, ಹತ್ತು ನಿಮಿಷ ಆಕೆ ಹಾಲು ತರಲು ಹೋದಾಗ ಮಗು ಯಾರ ಕೈಯಲ್ಲಿರುತ್ತದೆ ಎಂದು ಕೇಳುವುದೇ ಇಲ್ಲ. ಅದು ಮನೆ, ಅಲ್ಲಿ ಗಂಡ, ಕಾಲೇಜಿಗೆ ಹೋಗುವ ಮಗ, ಊರಿಂದ ಬಂದ ತಮ್ಮ, ಮೇಲಿನ ಬಾಡಿಗೆಯವರು, ನಲ್ಲಿ ರಿಪೇರಿಗೆ ಬಂದವರು ಓಡಾಡುತ್ತಾರೆ. ಅವರನ್ನೆಲ್ಲ ಶಂಕಿಸಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳನ್ನು ನೋಡಿದರೆ ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ ಆಗಿರುವುದು ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಸಲ. ಪರಿಚಯವೇ ರಕ್ಷಣೆ ಎಂಬ ನಂಬಿಕೆಯನ್ನು ಈ ಒಂದು ಅಂಕಿ ಅಲುಗಾಡಿಸಬೇಕು. ‘ಹಗಲು ಹೊತ್ತಿನಲ್ಲಿ ಮನೆಯಲ್ಲಿ ಯಾರ್‍ಯಾರು ಇರುತ್ತಾರೆ? ಮಗುವಿನ ಬಟ್ಟೆ ಬದಲಿಸುವವರು, ಸ್ನಾನ ಮಾಡಿಸುವವರು ಯಾರು? ಕಳೆದ ಸಲ ನಿಮಗೆ ಹುಷಾರಿಲ್ಲದಾಗ ಮಕ್ಕಳನ್ನು ಏನು ಮಾಡಿದಿರಿ?’ ಈ ಮೂರನ್ನೂ ನೇರವಾಗಿ ಕೇಳಬೇಕು. ಸಹಾಯಕಿಯೊಬ್ಬಳಿದ್ದರೆ ಆಕೆಯ ಪೊಲೀಸ್ ಪರಿಶೀಲನೆ ಆಗಿದೆಯೇ ಎಂದು ವಿಚಾರಿಸುವುದರಲ್ಲೂ ಸಂಕೋಚ ಬೇಡ. ಮಗುವನ್ನು ಸಂಜೆ ಕರೆದೊಯ್ಯಲು ಯಾರು ಬರಬಹುದು ಎಂಬ ಪಟ್ಟಿಯನ್ನು ಆಕೆಯೇ ಮೊದಲು ಕೇಳಿದರೆ ಅದು ಒಳ್ಳೆಯ ಸೂಚನೆ. ‘ನಾನು ಚಿಕ್ಕಪ್ಪ’ ಎಂದು ಬಂದವರ ಕೈಗೆ ಮಗು ಕೊಟ್ಟು ಕಳಿಸದ ಮನೆ ಅದು.

ಮೂರನೆಯದು ನಿದ್ದೆ. ದಿನದಲ್ಲಿ ಅತ್ಯಂತ ನಿಶ್ಶಬ್ದವಾದ ಹೊತ್ತೆಂದು ಇದನ್ನು ನಾವು ಲೆಕ್ಕಕ್ಕೇ ಇಡುವುದಿಲ್ಲ. ಕೂಸನ್ನು ಬೋರಲು ಮಲಗಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಸಲಹೆ ನೀಡಿತು. 1994ರಲ್ಲಿ ಅದು ರಾಷ್ಟ್ರವ್ಯಾಪಿ ಪ್ರಚಾರವಾಯಿತು. ಆ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಕಾರಣ ತಿಳಿಯದ ಹಠಾತ್ ಶಿಶುಮರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು. ಆದರೆ 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂಥ ಸಾವುಗಳಲ್ಲಿ ಸುಮಾರು ಐದರಲ್ಲೊಂದು ಬೇರೆಯವರ ಆರೈಕೆಯಲ್ಲಿದ್ದಾಗ ಆಗಿದೆ, ಅವುಗಳಲ್ಲಿ ಹೆಚ್ಚಿನವು ಇಂಥ ಮನೆ ಆರೈಕೆಯಲ್ಲಿ ನಡೆದಿವೆ ಎಂದು ಕಂಡುಕೊಂಡಿತು. ಸಂಶೋಧಕರ ವಿವರಣೆ ಸರಳ: ಮನೆಯಲ್ಲಿ ಅಂಗಾತ ಮಲಗಿ ಅಭ್ಯಾಸವಾದ ಕೂಸನ್ನು, ‘ಹೀಗೆ ಮಲಗಿಸಿದರೆ ಬೇಗ ನಿದ್ದೆ ಹೋಗುತ್ತೆ’ ಎಂದು ಯಾರೋ ಬೋರಲು ಮಲಗಿಸುತ್ತಾರೆ. ನಮ್ಮ ಕಡೆ ಇದರ ಜೊತೆಗೆ ಸೀರೆಯ ಜೋಲಿಯೂ ಇದೆ. ಅದರಲ್ಲಿ ತೂಗಿದರೆ ಮಗು ತಟ್ಟನೆ ಮಲಗುತ್ತದೆ ನಿಜ. ಆದರೆ ಕೂಸಿನ ಗದ್ದ ಎದೆಗೆ ಒತ್ತಿಕೊಳ್ಳುವುದೂ, ದೊಡ್ಡ ಮಕ್ಕಳು ಅದರಲ್ಲಿ ಸುತ್ತಿಕೊಂಡು ಆಡುವಾಗ ಬಟ್ಟೆ ಕತ್ತಿಗೆ ಬಿಗಿಯುವುದೂ ಅಲ್ಲಿಯೇ. ‘ಎಲ್ಲಿ ಮಲಗಿಸುತ್ತೀರಿ, ತೋರಿಸಿ’ ಎಂದು ಹೇಳಿ. ಹಾಸಿಗೆ ಗಟ್ಟಿಯಾಗಿದೆಯೇ, ಸುತ್ತ ದಿಂಬಿನ ರಾಶಿ ಇದೆಯೇ, ಮಕ್ಕಳು ಮಲಗಿದಾಗ ಆಕೆ ಯಾವ ಕೋಣೆಯಲ್ಲಿರುತ್ತಾರೆ ಎಂದು ಕಣ್ಣಾರೆ ನೋಡಿ.

ಊಟದ ವಿಷಯದಲ್ಲಿ ಅಕ್ಕರೆಯೇ ಅಪಾಯ ತರಬಹುದು. ಕೂಸಿನ ನಾಲಿಗೆಗೆ ಜೇನುತುಪ್ಪ ಸವರುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಒಂದು ವರ್ಷ ತುಂಬುವವರೆಗೆ ಜೇನು ಕೊಡಬಾರದೆಂದು ವೈದ್ಯರು ಹೇಳುತ್ತಾರೆ, ಏಕೆಂದರೆ ಅದರಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡಬಲ್ಲವು. ಕಡಲೆಕಾಯಿ ಬೀಜ, ಇಡೀ ದ್ರಾಕ್ಷಿ, ಹುರಿಗಡಲೆ ಇವು ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ತಿನಿಸುಗಳು. ಹಿಂಡಿಟ್ಟ ಎದೆಹಾಲು ಸಾಧಾರಣ ಕೋಣೆಯ ಉಷ್ಣತೆಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇರಬಾರದು. ಬೇಸಿಗೆಯಲ್ಲಿ ಕರೆಂಟ್ ಹೋದ ದಿನ ಫ್ರಿಜ್ಜಿನಲ್ಲಿದ್ದ ಹಾಲನ್ನು ಏನು ಮಾಡಿದಿರಿ ಎಂಬ ಒಂದು ಪ್ರಶ್ನೆಯಿಂದ, ಆಕೆಗೆ ಈ ವಿಷಯ ಎಷ್ಟು ಗೊತ್ತು ಎಂದು ತಿಳಿಯುತ್ತದೆ. ಗೊತ್ತಿಲ್ಲದಿದ್ದರೆ ಅದು ದೋಷವಲ್ಲ, ಹೇಳಿಕೊಡಬಹುದು. ‘ನಮಗೆಲ್ಲಾ ಗೊತ್ತು, ನಾವು ಮೂರು ಮಕ್ಕಳನ್ನು ಸಾಕಿದ್ದೇವೆ’ ಎಂದು ಮಾತು ಮುಗಿಸಿದರೆ ಅದು ಯೋಚಿಸಬೇಕಾದ ಉತ್ತರ.

ಮನೆಯನ್ನು ನೋಡುವಾಗ ಸೋಫಾ ನೋಡಬೇಡಿ, ಎರಡು ಅಡಿ ಎತ್ತರದಿಂದ ನೋಡಿ. ಬೆಂಗಳೂರಿನಂಥ ಊರಿನ ಮನೆಗಳಲ್ಲಿ ಗೇಟಿನ ಒಳಗೇ ನೀರಿನ ಸಂಪ್ ಇರುತ್ತದೆ. ಅದರ ಮುಚ್ಚಳಕ್ಕೆ ಬೀಗ ಇದೆಯೇ? ಬಚ್ಚಲಿನ ಬಕೆಟ್ಟಿನಲ್ಲಿ ನೀರು ತುಂಬಿಟ್ಟಿದ್ದಾರೆಯೇ? ಈಗಷ್ಟೇ ಎದ್ದು ನಿಲ್ಲುವ ಮಗುವಿಗೆ ತಲೆಯೇ ಭಾರ. ಬಕೆಟ್ಟಿಗೆ ಬಗ್ಗಿದರೆ ಮೇಲೇಳಲು ಬರುವುದಿಲ್ಲ, ಕೂಗಲೂ ಆಗುವುದಿಲ್ಲ. ಬಾಲ್ಕನಿಯ ಗ್ರಿಲ್ಲಿನ ಸಂದು, ನೆಲದ ಮೇಲಿನ ಸೊಳ್ಳೆ ಮೆಷಿನ್, ಹಳೆಯ ನೀರಿನ ಬಾಟಲಿಗೆ ತುಂಬಿದ ಫಿನಾಯಿಲ್, ರಿಮೋಟಿನ ಗುಂಡಿಯಂಥ ಸೆಲ್, ದೇವರ ಮನೆಯ ದೀಪ, ನೆಲದ ಮೇಲೆ ಆರಲು ಇಟ್ಟ ಸಾರಿನ ಪಾತ್ರೆ ಇವೆಲ್ಲ ಒಂದು ಸಾಧಾರಣ ಗೃಹಸ್ಥ ಮನೆಯಲ್ಲಿ ಇರುವಂಥವೇ. ಮೂಲೆಯಲ್ಲಿ ಚಕ್ರದ ವಾಕರ್ ಇದ್ದರೆ ಅದನ್ನೂ ಗಮನಿಸಿ. ಮೆಟ್ಟಿಲಿಂದ ಉರುಳುವ ಮಕ್ಕಳನ್ನು ನೋಡಿ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಮನೆ ಮನೆಯಂತೆಯೇ ಇರಲಿ, ಆದರೆ ಅದನ್ನು ಮಕ್ಕಳಿಗೆಂದು ಒಮ್ಮೆಯಾದರೂ ಬಗ್ಗಿ ನೋಡಿದ ಗುರುತು ಕಾಣಬೇಕು.

ಕಾಯಿಲೆಯ ಪ್ರಶ್ನೆಯನ್ನು ಮಗು ಆರೋಗ್ಯವಾಗಿದ್ದಾಗಲೇ ಇತ್ಯರ್ಥ ಮಾಡಿಕೊಳ್ಳಬೇಕು. ಯಾವ ಜ್ವರಕ್ಕೆ ಮನೆಯಲ್ಲೇ ಇಟ್ಟುಕೊಳ್ಳಬೇಕು, ಕೈ-ಕಾಲು-ಬಾಯಿ ರೋಗದ ಗುಳ್ಳೆ ಕಂಡ ಮಗುವನ್ನು ಆಕೆ ಒಳಗೆ ಸೇರಿಸುತ್ತಾರೆಯೇ, ಬೇರೆ ಮಕ್ಕಳ ಲಸಿಕೆ ಚೀಟಿ ನೋಡಿದ್ದಾರೆಯೇ? ಔಷಧಿಯ ವಿಷಯದಲ್ಲಂತೂ ಬಾಯಿಮಾತು ಸಾಲದು. ಪ್ಯಾರಾಸಿಟಮಾಲ್ ಡ್ರಾಪ್ಸ್‌ನ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ 100 ಮಿಲಿಗ್ರಾಂ ಇರುತ್ತದೆ. ಸಿರಪ್ಪಿನ ಐದು ಮಿಲಿಲೀಟರಿನಲ್ಲಿ ಸುಮಾರು 120. ಎಂದರೆ ಡ್ರಾಪ್ಸ್ ನಾಲ್ಕು ಪಟ್ಟು ಗಾಢ. ‘ಒಂದು ಚಮಚ ಹಾಕಿಬಿಡಿ’ ಎಂದು ಫೋನಿನಲ್ಲಿ ಹೇಳಿದ ಅಪ್ಪ ಯಾವ ಬಾಟಲಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ, ಆಕೆಯ ಕೈಯಲ್ಲಿ ಯಾವುದಿತ್ತು? ಮಗುವಿನ ತೂಕ, ಔಷಧಿಯ ಹೆಸರು, ಪ್ರಮಾಣ ಇವು ಬರಹದಲ್ಲಿರಬೇಕು. ಮಗು ಬಿದ್ದು ತಲೆಗೆ ಪೆಟ್ಟಾದರೆ ಮೊದಲು ಯಾರಿಗೆ ಫೋನ್, ಹತ್ತಿರದ ಆಸ್ಪತ್ರೆ ಯಾವುದು, 108 ಬರುವವರೆಗೆ ಉಳಿದ ಮಕ್ಕಳನ್ನು ನೋಡಲು ಪಕ್ಕದ ಮನೆಯಿಂದ ಯಾರು ಬರುತ್ತಾರೆ ಎಂಬುದಕ್ಕೂ ಮುಂಚೆಯೇ ಹೆಸರುಗಳಿರಬೇಕು.

ಉಳಿದ ಹೊತ್ತಿನಲ್ಲಿ ಮಗು ಏನು ಮಾಡುತ್ತದೆ? ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಎಚ್ಚರವಿರುವ ಮಗುವನ್ನು ಒಂದೇ ಸಮನೆ ಒಂದು ಗಂಟೆಗಿಂತ ಹೆಚ್ಚು ಕುರ್ಚಿಯಲ್ಲೋ ಗಾಡಿಯಲ್ಲೋ ಕಟ್ಟಿ ಕೂರಿಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅಡುಗೆ ಮಾಡುತ್ತಾ ಮಗುವಿನೊಡನೆ ಬೆಂಡೆಕಾಯಿ ಎಣಿಸುವ, ಬಟ್ಟೆ ಮಡಚುತ್ತಾ ಹಾಡು ಹೇಳುವ ಆಂಟಿಗೆ ಆಟಿಕೆಗಳ ಬೀರು ಬೇಕಾಗಿಲ್ಲ. ಅಪ್ಪ ಅಮ್ಮ ಬೇರೆ ಬೇರೆ ಭಾಷೆಯವರಾದ ಬೆಂಗಳೂರಿನ ಮನೆಗಳಲ್ಲಿ ಮಗುವಿಗೆ ಕನ್ನಡ ಬರುವುದು ಕೆಲವೊಮ್ಮೆ ಇಂಥವರ ಬಾಯಿಂದಲೇ. ಜೊತೆಗೆ ಕೇಳಲೇಬೇಕಾದ ಇನ್ನೊಂದು: ‘ಇತ್ತೀಚೆಗೆ ನಿಮಗೆ ತುಂಬಾ ಸಿಟ್ಟು ತರಿಸಿದ ಮಗು ಯಾವುದು, ಏನು ಮಾಡಿದಿರಿ?’ ಸಿಟ್ಟೇ ಬಂದಿಲ್ಲ ಎನ್ನುವವರು ನಿಜ ಹೇಳುತ್ತಿಲ್ಲ. ಮಗುವನ್ನು ಸುರಕ್ಷಿತವಾಗಿ ಕೂರಿಸಿ ಎರಡು ನಿಮಿಷ ಆಚೆ ಬಂದು ನಿಂತೆ ಎನ್ನುವವರ ಕೈಯಲ್ಲಿ ಮಗು ಕ್ಷೇಮ. ‘ಒಂದೇಟು ಬಿದ್ದರೆ ಸರಿಹೋಗುತ್ತೆ’ ಎನ್ನುವವರಿಗೆ ಕಾನೂನಿನ ಪರಿಚಯ ಇರಲಿ: ತನ್ನ ಆರೈಕೆಯಲ್ಲಿರುವ ಮಗುವಿನ ಮೇಲೆ ಕ್ರೌರ್ಯ ಎಸಗುವುದು 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ.

ಇಷ್ಟೆಲ್ಲ ಕೇಳಿದರೆ ಎದುರಿನವರಿಗೆ ಅವಮಾನವಾಗುವುದಿಲ್ಲವೇ ಎಂಬುದು ಮೊದಲ ಆಕ್ಷೇಪ. ವಯಸ್ಸಿನಲ್ಲಿ ಹಿರಿಯರು, ಬೀದಿಯಲ್ಲಿ ಒಳ್ಳೆಯ ಹೆಸರಿದೆ, ‘ನಮ್ಮ ಮೇಲೆ ನಂಬಿಕೆ ಇಲ್ವೇನಮ್ಮಾ’ ಎಂದರೆ ಏನು ಹೇಳುವುದು? ಧ್ವನಿಯಲ್ಲಿ ವಿಚಾರಣೆಯ ಬಿಗಿ ಇಲ್ಲದಿದ್ದರೆ ಅವಮಾನದ ಮಾತು ಬರುವುದಿಲ್ಲ. ನಿನ್ನೆಯ ದಿನದ ಬಗ್ಗೆ ಕೇಳುವ ರೀತಿಗೆ ಇಲ್ಲಿಯೂ ಅನುಕೂಲವಿದೆ. ‘ನೀವು ಮಕ್ಕಳಿಗೆ ಹೊಡೆಯುತ್ತೀರಾ’ ಎನ್ನುವುದು ಆರೋಪ. ‘ನಿನ್ನೆ ಹಠ ಮಾಡಿದವರನ್ನು ಹೇಗೆ ಸುಧಾರಿಸಿದಿರಿ’ ಎನ್ನುವುದು ಆಕೆಯ ಕಸುಬಿನ ಬಗ್ಗೆ ತೋರುವ ಆಸಕ್ತಿ. ಕಸುಬು ಬಲ್ಲವರಿಗೆ ಅದರ ಬಗ್ಗೆ ಮಾತಾಡುವುದು ಇಷ್ಟ. ಇದಕ್ಕೇ ಅಂಟಿಕೊಂಡ ಇನ್ನೊಂದು ಆಕ್ಷೇಪ, ನಮ್ಮ ಅಜ್ಜಿಯರು ಯಾವ ಪ್ರಶ್ನೆಯೂ ಇಲ್ಲದೆ ಹತ್ತು ಮಕ್ಕಳನ್ನು ಸಾಕಲಿಲ್ಲವೇ ಎಂಬುದು. ಸಾಕಿದರು, ಆದರೆ ಒಬ್ಬರೇ ಸಾಕಲಿಲ್ಲ. ತುಂಬಿದ ಮನೆಯಲ್ಲಿ ಅತ್ತೆ, ನಾದಿನಿ, ಓರಗಿತ್ತಿ, ದೊಡ್ಡ ಹೆಣ್ಣುಮಕ್ಕಳು ಎಲ್ಲರ ಕಣ್ಣೂ ಇತ್ತು. ಬಾಗಿಲು ಹಾಕಿದ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿ ಒಬ್ಬರೇ ಇದ್ದಾರೆ. ಹಳೆಯ ವ್ಯವಸ್ಥೆಯ ನಂಬಿಕೆಯನ್ನು ಹೊಸ ವ್ಯವಸ್ಥೆಗೆ ಹಾಗೆಯೇ ಹೊಂದಿಸಲಾಗದು.

ಪ್ರಶ್ನೆಯ ತಾಪತ್ರಯವೇ ಬೇಡ, ಸಿಸಿಟಿವಿ ಇರುವ ಕಡೆ ಬಿಟ್ಟರಾಯಿತು ಎನ್ನುವವರೂ ಇದ್ದಾರೆ. ಕ್ಯಾಮೆರಾ ಕೆಲಸಕ್ಕೆ ಬಾರದ್ದೆಂದು ಹೇಳಲಾಗದು. ನಡೆದದ್ದಕ್ಕೆ ಅದು ಸಾಕ್ಷಿ ಹೇಳುತ್ತದೆ. ಆದರೆ ಹಾಲ್‌ನಲ್ಲಿರುವ ಕ್ಯಾಮೆರಾಕ್ಕೆ ಬಚ್ಚಲಿನ ಬಕೆಟ್ ಕಾಣುವುದಿಲ್ಲ. ಮೀಟಿಂಗಿನಲ್ಲಿ ಕೂತ ತಾಯಿ ಮೊಬೈಲಿನಲ್ಲಿ ನೋಡಿದರೂ ಐದು ಕಿಲೋಮೀಟರ್ ದೂರದಿಂದ ಬಿಸಿ ಸಾರಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಲಾರಳು. ಮೇಲಾಗಿ ಅದು ಒಬ್ಬರ ಮನೆ. ಹತ್ತು ಕುಟುಂಬಗಳ ಫೋನಿನಲ್ಲಿ ಬೇರೆಯವರ ಮಕ್ಕಳ ಬಟ್ಟೆ ಬದಲಿಸುವ ದೃಶ್ಯ ಓಡುವುದು ಇನ್ನೊಂದು ಬಗೆಯ ಅಪಾಯ. ಕ್ಯಾಮೆರಾ ಇದ್ದರೆ ಆ ದೃಶ್ಯ ಯಾರಿಗೆಲ್ಲ ಸಿಗುತ್ತದೆ ಎಂಬ ಪ್ರಶ್ನೆಯನ್ನೂ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹಣದ್ದು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಗಳಿಗೆ ನಾಲ್ಕು ಮನೆ ನೋಡಿ ಆರಿಸುವ ಪುರುಸೊತ್ತು ಎಲ್ಲಿದೆ? ಆಕೆಗೆ ಸಿಗುವುದು ವಠಾರದ ಒಬ್ಬ ಅಜ್ಜಿ, ಬೇಕಾದರೆ ಬಿಡು ಇಲ್ಲದಿದ್ದರೆ ಕೆಲಸ ಬಿಡು ಎಂಬ ಸ್ಥಿತಿ. ಇದು ನಿಜ. ಇದಕ್ಕೆ ಪೂರ್ತಿ ಪರಿಹಾರ ಪ್ರಶ್ನೆಗಳಲ್ಲಿ ಇಲ್ಲ, ಕಾರ್ಖಾನೆಯ ಶಿಶುಪಾಲನಾ ಕೇಂದ್ರ ಕಾಗದದಿಂದ ಕೋಣೆಗೆ ಇಳಿಯುವುದರಲ್ಲಿದೆ. ಆದರೂ ಆಯ್ಕೆ ಇಲ್ಲದಿದ್ದಾಗ ಪ್ರಶ್ನೆಗೆ ಬೇರೊಂದು ಉಪಯೋಗವಿದೆ: ಮನೆ ಬದಲಿಸಲಾಗದಿದ್ದರೂ ಇರುವ ಮನೆಯನ್ನು ಬದಲಿಸಬಹುದು. ಸಂಪಿಗೆ ಬೀಗ, ಬಕೆಟ್ ಬೋರಲು, ಕೂಸು ಅಂಗಾತ ಎಂಬ ಮೂರಕ್ಕೆ ಹೆಚ್ಚು ಖರ್ಚಿಲ್ಲ. ಅನುಕೂಲಸ್ಥರಿಗೂ ಹಣದ ಲೆಕ್ಕ ಬೇರೆ ಪಾಠ ಹೇಳುತ್ತದೆ. ಉದಾಹರಣೆಗೆ ತಿಂಗಳಿಗೆ ತಲಾ 6,000 ರೂಪಾಯಿಯಂತೆ ನಾಲ್ಕು ಮಕ್ಕಳಿಂದ ಆಕೆಗೆ ಬರುವುದು 24,000. ಚೌಕಾಸಿ ಮಾಡಿ ಅದನ್ನು 3,000ಕ್ಕೆ ಇಳಿಸಿದರೆ ಅಷ್ಟೇ ಆದಾಯಕ್ಕೆ ಎಂಟು ಮಕ್ಕಳು ಬೇಕು. ಶುಲ್ಕದಲ್ಲಿ ಉಳಿಸಿದ ದುಡ್ಡನ್ನು ನಮ್ಮ ಮಗು ತನ್ನ ಪಾಲಿನ ಮಡಿಲಿನಲ್ಲಿ ಕಳೆದುಕೊಳ್ಳುತ್ತದೆ. ಆದ್ದರಿಂದ ‘ಎಷ್ಟು ತಗೋತೀರಿ’ ಎಂಬ ಪ್ರಶ್ನೆಯ ಬೆನ್ನಿಗೇ ‘ಎಷ್ಟು ಮಕ್ಕಳಿಗೆ ನಿಲ್ಲಿಸುತ್ತೀರಿ’ ಎಂಬುದೂ ಬರಬೇಕು. ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳಬೇಡಿ ಎಂದು ಕೇಳುವವರು ಅದರ ಬೆಲೆ ಕೊಡಲೂ ಸಿದ್ಧರಿರಬೇಕು. ಮಗು ಊರಿಗೆ ಹೋದ ತಿಂಗಳೂ ಸಂಬಳ ಕೊಡಬೇಕು, ಆರಕ್ಕೆ ಎಂದರೆ ಆರಕ್ಕೇ ಬಂದು ಕರೆದೊಯ್ಯಬೇಕು, ರಾತ್ರಿ ಜ್ವರ ಬಂದದ್ದನ್ನು ಔಷಧಿಯಿಂದ ಮುಚ್ಚಿಟ್ಟು ಬೆಳಿಗ್ಗೆ ಬಿಟ್ಟು ಹೋಗಬಾರದು. ಆಕೆಗೂ ನಮ್ಮನ್ನು ಕೇಳಲು ಪ್ರಶ್ನೆಗಳಿರುತ್ತವೆ. ಅವನ್ನು ಆಕೆ ಕೇಳಿದರೆ ಬೇಸರಪಡದೆ ಉತ್ತರಿಸಿ, ಎರಡೂ ಕಡೆಯ ಒಪ್ಪಂದವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಮಗುವನ್ನು ಸೇರಿಸಿದ ದಿನಕ್ಕೆ ಪ್ರಶ್ನೆಗಳು ಮುಗಿಯುವುದಿಲ್ಲ. ಮೊದಲೆರಡು ವಾರ ಅಳುವುದು ಸಹಜ. ವಾರಗಳು ಕಳೆದರೂ ಆ ಮನೆಯ ಮೆಟ್ಟಿಲು ಕಂಡೊಡನೆ ಮೈ ಬಿಗಿಹಿಡಿಯುವುದು, ಕಾರಣ ಹೇಳಲಾಗದ ಗಾಯದ ಗುರುತು, ಸಂಜೆ ಬಂದೊಡನೆ ವಿಪರೀತ ಹಸಿವು, ‘ಈಗ ಬರಬೇಡಿ, ಮಕ್ಕಳು ಮಲಗಿದ್ದಾರೆ’ ಎಂದು ಪ್ರತಿ ಸಲ ಬಾಗಿಲಲ್ಲೇ ನಿಲ್ಲಿಸುವುದು ಇವು ಸಹಜವಲ್ಲ. ಅನುಮಾನ ಗಂಭೀರವಾಗಿದ್ದರೆ 1098ಕ್ಕೆ ಕರೆ ಮಾಡಬಹುದು. ಅದಕ್ಕೂ ಮೊದಲು, ಅಡ್ವಾನ್ಸ್ ಕೊಡುವ ಮುನ್ನ, ಒಂದು ಕೆಲಸದ ದಿನ ಮಧ್ಯಾಹ್ನ ಹನ್ನೆರಡೂವರೆಗೆ ಆ ಮನೆಗೆ ಹೋಗಿ. ಕೆಲವರಿಗೆ ಊಟ, ಕೆಲವರಿಗೆ ನಿದ್ದೆ, ಒಬ್ಬರಿಗೆ ಡಯಾಪರ್ ಬದಲಿಸಬೇಕಾದ, ಕುಕ್ಕರ್ ಕೂಗುವ ಹೊತ್ತು ಅದು. ಏನೂ ಕೇಳದೆ ಅರ್ಧ ಗಂಟೆ ಮೂಲೆಯಲ್ಲಿ ಕೂತು, ಅಳುವ ಮಗುವಿನ ಹತ್ತಿರ ಯಾರು ಹೋಗುತ್ತಾರೆ, ಎಷ್ಟು ಹೊತ್ತಿಗೆ ಹೋಗುತ್ತಾರೆ ಎಂಬುದನ್ನಷ್ಟೇ ನೋಡಿಕೊಂಡು ಬನ್ನಿ. ಆಮೇಲೆ ಶುಲ್ಕದ ಮಾತಾಡಿ.